ಯಾರೂ ಬರಬಾರದೆಂದು ಕಟ್ಟಿದ ಕೋಣೆ

‘ನನಗೂ ಒಂದು ಪ್ರತ್ಯೇಕ ಕೋಣೆ ಅಂತ ಇದ್ದಿದ್ದರೆ ಎಷ್ಟೊತ್ತಿಗೆ ಒಂದು ಕಾದಂಬರಿ ಬರೆದು ಬಿಸಾಕುತ್ತಿದ್ದೆ’ ಎನ್ನುವವರು ನಮ್ಮ ಬೀದಿಯಲ್ಲೇ ಇದ್ದಾರೆ. ಅವರಲ್ಲೊಬ್ಬರು ನಿವೃತ್ತಿಯಾದ ಮೇಲೆ ಬಂದ ದುಡ್ಡಿನಲ್ಲಿ ತಾರಸಿಯ ಮೇಲೆ ಕೋಣೆಯನ್ನು ಕಟ್ಟಿಸಿಯೇ ಬಿಟ್ಟರು. ಮೇಜು ಬಂತು, ಹಿಂದಕ್ಕೆ ಒರಗುವ ಕುರ್ಚಿ ಬಂತು, ಕತ್ತು ಬಗ್ಗಿಸುವ ದೀಪ ಬಂತು. ಕಾದಂಬರಿ ಮಾತ್ರ ಬರಲಿಲ್ಲ. ಈಗ ಅಲ್ಲಿ ಹಪ್ಪಳ ಸಂಡಿಗೆಯ ಡಬ್ಬಗಳೂ ಮುರಿದ ಮಿಕ್ಸಿಯೂ ಮೊಮ್ಮಗನ ಹಳೆಯ ತೊಟ್ಟಿಲೂ ಇವೆ. ಅವರನ್ನು ನೋಡಿ ನಗುವ ಹಾಗಿಲ್ಲ. ಬರೆಯುವುದಕ್ಕೆ ಕೋಣೆ ಬೇಕು ಎಂಬುದು ಬರೆಯದೇ ಇರುವುದಕ್ಕೆ ಸಿಕ್ಕುವ ನೆಪಗಳಲ್ಲಿ ಅತ್ಯಂತ ಗೌರವಸ್ಥವಾದದ್ದು. ಕೋಣೆ ಕಟ್ಟಿಸಿದವರು ಆ ನೆಪವನ್ನೂ ಕಳೆದುಕೊಂಡರಲ್ಲ ಎಂದು ನಾನು ಮರುಗುತ್ತೇನೆ. ನಾನು ಬರೆಯುವುದು ಊಟದ ಮೇಜಿನ ಮೇಲೆ. ಒಂದು ಕಡೆ ಉಪ್ಪಿನಕಾಯಿ ಭರಣಿ, ಇನ್ನೊಂದು ಕಡೆ ಕರೆಂಟ್ ಬಿಲ್ಲು. ನನ್ನ ನೆಪ ಇನ್ನೂ ಭದ್ರವಾಗಿದೆ.

ಕೋಣೆ ಕಟ್ಟಿ, ಬಣ್ಣದ ವಾಸನೆ ಆರುವ ಮೊದಲೇ ಅದರೊಳಗೆ ಕೂತು, ಕೂತ ದಿನವೇ ಅರ್ಧ ನಾಟಕ ಬರೆದವನು ಅಮೆರಿಕದ ಆರ್ಥರ್ ಮಿಲ್ಲರ್. 1948ರ ಮಾತು. ‘ಆಲ್ ಮೈ ಸನ್ಸ್’ ನಾಟಕ ಅದಕ್ಕೆ ಒಂದು ವರ್ಷ ಮೊದಲು ಗೆದ್ದಿತ್ತು, ಕೈಯಲ್ಲಿ ನಾಲ್ಕು ಕಾಸು ಓಡಾಡುತ್ತಿತ್ತು. ಕನೆಕ್ಟಿಕಟ್ ರಾಜ್ಯದ ರಾಕ್ಸ್‌ಬರಿ ಎಂಬ ಹಳ್ಳಿಯಲ್ಲಿ ಒಂದು ಮನೆ ಕೊಂಡಿದ್ದ. ಅದರ ಪಕ್ಕದಲ್ಲಿ ಹತ್ತು ಅಡಿಗೆ ಹನ್ನೆರಡು ಅಡಿಯ ಒಂದು ಮರದ ಗೂಡನ್ನು ತಾನೇ ಕಟ್ಟಿಕೊಳ್ಳಲು ಹೊರಟ. ದುಡ್ಡಿದ್ದವನು ಬಡಗಿಯನ್ನು ಕರೆಸಬಹುದಿತ್ತು. ಹುಡುಗನಾಗಿದ್ದಾಗಿನಿಂದ ಮರಗೆಲಸದ ಹುಚ್ಚು, ಆದ್ದರಿಂದ ಕರೆಸಲಿಲ್ಲ. ಹಾಗೆಂದು ಒಂದು ಇಡೀ ಕಟ್ಟಡವನ್ನು ಅವನು ಅದುವರೆಗೆ ಎಬ್ಬಿಸಿರಲಿಲ್ಲ. ಗೋಡೆಯ ಚೌಕಟ್ಟು ನಿಂತಿತು. ಮೇಲೆ ಚಾವಣಿಯ ತೊಲೆಗೆ ಪಕ್ಕಾಸುಗಳನ್ನು ಒಬ್ಬನೇ ಹಿಡಿದು ಕೂಡಿಸುವುದು ಹೇಗೆ ಎಂಬಲ್ಲಿಗೆ ಬಂದು ತಲೆ ಕೆರೆದುಕೊಂಡ. 1987ರಲ್ಲಿ ಬಂದ ‘ಟೈಮ್‌ಬೆಂಡ್ಸ್’ ಎಂಬ ಆತ್ಮಕಥೆಯಲ್ಲಿ ಈ ಪ್ರಸಂಗವನ್ನು ಅವನು ವಿವರವಾಗಿ ಬರೆದುಕೊಂಡಿದ್ದಾನೆ. ತಲೆಯಲ್ಲಿ ನಾಟಕದ ಮೊದಲ ಎರಡು ಮಾತುಗಳು ಮಾತ್ರ ಇದ್ದವಂತೆ, ಜೊತೆಗೆ ಕೊನೆಯಲ್ಲೊಂದು ಸಾವು. ಆ ಎರಡು ಮಾತಿನ ಆಚೆಗೆ ಏನೂ ಹೊರಡದಿದ್ದರೆ ಎಂಬ ಭಯ ಬೇರೆ. ಮೊಳೆ ಹೊಡೆಯುವುದು ಒಂದು ರೀತಿಯಲ್ಲಿ ಆ ಭಯವನ್ನು ಮುಂದೂಡುವ ದಾರಿಯೂ ಆಗಿತ್ತೆಂದು ನನ್ನ ಗುಮಾನಿ. ನಮ್ಮ ಬೀದಿಯವರಿಗೂ ಅವನಿಗೂ ಅಲ್ಲಿಯವರೆಗೆ ಅಂಥ ವ್ಯತ್ಯಾಸವೇನೂ ಇಲ್ಲ.

ವ್ಯತ್ಯಾಸ ಆಮೇಲೆ ಶುರುವಾಗುತ್ತದೆ. ಗೂಡು ಮುಗಿದ ಮೇಲೆ ಏಪ್ರಿಲ್ ತಿಂಗಳ ಒಂದು ಬೆಳಿಗ್ಗೆ ಒಳಗೆ ಹೋಗಿ ಕೂತ. ಇಡೀ ಹಗಲು ಬರೆದ. ರಾತ್ರಿ ಊಟ ಮಾಡಿ ಬಂದು ಮತ್ತೆ ನಡುರಾತ್ರಿ ದಾಟುವವರೆಗೆ ಬರೆದ. ಮೊದಲ ಅಂಕ ಮುಗಿಯಿತು. ಉಳಿದದ್ದಕ್ಕೆ ಇನ್ನು ಆರು ವಾರ. ಹೀಗೆ ಹುಟ್ಟಿದ್ದು ‘ಡೆತ್ ಆಫ್ ಎ ಸೇಲ್ಸ್‌ಮನ್’. 1949ರ ಫೆಬ್ರವರಿ 10ರಂದು ನ್ಯೂಯಾರ್ಕಿನ ಮೊರಾಸ್ಕೋ ರಂಗಮಂದಿರದಲ್ಲಿ ಎಲಿಯಾ ಕಜಾನ್ ನಿರ್ದೇಶನದಲ್ಲಿ ಏರಿದ ಆ ನಾಟಕ 742 ಪ್ರದರ್ಶನ ಕಂಡಿತು, ಪುಲಿಟ್ಜರ್ ಬಹುಮಾನವನ್ನೂ ತಂದುಕೊಂಡಿತು.

ಇದೆಲ್ಲ ನಾಟಕ ಓದಿದವರಿಗೆ ಗೊತ್ತಿರುವ ಸಂಗತಿ. ನನಗೆ ಇಷ್ಟವಾಗುವುದು ಆ ಮೊದಲ ರಾತ್ರಿಯ ಇನ್ನೊಂದು ವಿವರ. ಬರೆದು ಮುಗಿಸಿ ಹಾಸಿಗೆಗೆ ಹೋದಾಗ ಅವನಿಗೆ ಗಂಟಲು ನೋಯುತ್ತಿತ್ತಂತೆ. ಬರೆದರೆ ಕೈ ನೋಯಬೇಕು, ಬೆನ್ನು ನೋಯಬೇಕು. ಗಂಟಲು ಏಕೆ? ಇಡೀ ದಿನ ಪಾತ್ರಗಳ ಮಾತನ್ನೆಲ್ಲ ಗಟ್ಟಿಯಾಗಿ ಆಡಿ, ಕೂಗಿ, ನಕ್ಕು ಬರೆದಿದ್ದ. ಏಕಾಂತಕ್ಕೆಂದು ಕಟ್ಟಿದ ಹತ್ತು ಹನ್ನೆರಡು ಅಡಿಯ ಗೂಡಿನಲ್ಲಿ ಅಪ್ಪ, ಅಮ್ಮ, ಇಬ್ಬರು ಗಂಡುಮಕ್ಕಳು, ಪಕ್ಕದ ಮನೆಯವನು, ಸತ್ತುಹೋದ ಅಣ್ಣ ಎಲ್ಲರೂ ಸೇರಿ ಗಲಾಟೆ ಎಬ್ಬಿಸಿದ್ದರು. ಆ ಹೊತ್ತಿಗೆ ಹಾಲು ಹಾಕುವವನು ಯಾರಾದರೂ ಆ ಕಡೆ ಹಾದಿದ್ದರೆ, ಪಾಪ, ಆ ಮನುಷ್ಯನಿಗೆ ಏನೋ ಆಗಿದೆ ಎಂದು ಊರಲ್ಲೆಲ್ಲ ಹೇಳಿಕೊಂಡು ಬರುತ್ತಿದ್ದ.

ಕವಿಯ ಕೋಣೆ, ಕಾದಂಬರಿಕಾರನ ಕೋಣೆ ಶಾಂತವಾಗಿ ಇದ್ದಿರಬಹುದು. ನಾಟಕ ಬರೆಯುವವನ ಕೋಣೆ ಯಾವತ್ತೂ ಶಾಂತವಾಗಿ ಇದ್ದದ್ದಲ್ಲ. ಅಲ್ಲಿ ಬರೆಯುವುದೇ ಬಾಯಿಯಿಂದ ಆಡುವುದನ್ನು, ನಾಲ್ಕು ಜನರ ಎದುರು ಆಡುವುದನ್ನು. ಅಲ್ಲಿಂದ ಮುಂದಕ್ಕೆ ನಟರು ಬರಬೇಕು, ನಿರ್ದೇಶಕ ಬರಬೇಕು, ಲೈಟಿನವನು ಬರಬೇಕು, ಕೊನೆಗೆ ಟಿಕೆಟ್ ತೆಗೆದುಕೊಂಡವರೂ ಬರಬೇಕು. ಹೀಗಿರುವಾಗ ನಾಟಕಕಾರ ಸತ್ತ ಮೇಲೆ ಅವನ ಕೋಣೆಗೆ ಹಗ್ಗ ಕಟ್ಟಿ ‘ಮೌನವಾಗಿರಿ’ ಎಂದು ಫಲಕ ಹಾಕುವುದು ಎಂಥ ನ್ಯಾಯ?

ಅಂಥ ಒಂದು ಫಲಕವನ್ನು ನಾನು ಕಂಡಿದ್ದೇನೆ. ಊರು, ಹೆಸರು ಬೇಡ. ರಂಗಭೂಮಿಗೆ ಸಾಕಷ್ಟು ದುಡಿದ ಒಬ್ಬ ಹಿರಿಯರ ಸ್ಮಾರಕ ಅದು. ಗಾಜಿನ ಪೆಟ್ಟಿಗೆಯಲ್ಲಿ ಕನ್ನಡಕ, ಪೆನ್ನು, ಒಂದು ಜೊತೆ ಚಪ್ಪಲಿ, ಜರಿ ಪೇಟ, ಗೋಡೆಯ ತುಂಬ ಸನ್ಮಾನದ ಫೋಟೋಗಳು. ಸನ್ಮಾನ ಮಾಡಿದ ಮಂತ್ರಿಗಳು ಸ್ಪಷ್ಟವಾಗಿ ಕಾಣುತ್ತಾರೆ, ಮಾಡಿಸಿಕೊಂಡವರು ಹಾರದೊಳಗೆ ಮುಳುಗಿದ್ದಾರೆ. ನನ್ನ ಜೊತೆ ಬಂದಿದ್ದ ತಂಗಿಯ ಮೊಮ್ಮಗ ಗಾಜಿಗೆ ಮೂಗು ಒತ್ತಿ ‘ಅಜ್ಜಾ, ಆ ಪೆನ್ನಲ್ಲಿ ಇಂಕಿದೆಯಾ?’ ಎಂದು ಕೇಳಿದ.

‘ಮಾತಾಡಬಾರ್ದು ಮರಿ’ ಎಂದರು ಕಾವಲುಗಾರರು.

ಹುಡುಗ ದನಿ ತಗ್ಗಿಸಿ ನನ್ನ ಕಿವಿಯಲ್ಲಿ, ‘ಇವ್ರು ನಾಟ್ಕ ಬರೀತಿದ್ರು ಅಂದ್ಯಲ್ಲ?’ ಎಂದ.

ಕಾವಲುಗಾರರಿಗೂ ಕೇಳಿಸಿರಬೇಕು, ನಕ್ಕರು. ಒಳ್ಳೆಯ ಮನುಷ್ಯ. ಮಧ್ಯಾಹ್ನದ ಊಟದ ಹೊತ್ತಿಗೆ ತಾವೇ ಬೀಗ ಹಾಕಿಕೊಂಡು ಹೋಗಬೇಕು, ಅಷ್ಟರೊಳಗೆ ಏನೂ ಒಡೆಯಬಾರದು. ಅವರ ಕಷ್ಟ ಅವರಿಗೆ.

ರಾಕ್ಸ್‌ಬರಿಯ ಕಥೆಗೆ ಮರಳೋಣ. ಮಿಲ್ಲರ್ ಆ ಊರನ್ನು ಬಿಡಲಿಲ್ಲ. ಮದುವೆಗಳು ಬದಲಾದವು, ಮನೆ ಬದಲಾಯಿತು, ಊರು ಮಾತ್ರ ಅದೇ. ಮರ್ಲಿನ್ ಮನ್ರೋಳನ್ನು 1956ರಲ್ಲಿ ಮದುವೆಯಾದ ಮೇಲೆ ಅಲ್ಲೇ ಇನ್ನೊಂದು ಹಳೆಯ ತೋಟದ ಮನೆ ಕೊಂಡರು. ಆಕೆ ಹೊಸ ಮನೆಯ ನಕಾಶೆಗಾಗಿ ಫ್ರಾಂಕ್ ಲಾಯ್ಡ್ ರೈಟ್‌ನಂಥ ಮಹಾ ವಾಸ್ತುಶಿಲ್ಪಿಯನ್ನೇ ಕರೆಸಿದಳು. ಆ ನಕಾಶೆ ಮನೆಯಾಗಲಿಲ್ಲ. ಮದುವೆಯೂ 1961ರಲ್ಲಿ ಮುರಿಯಿತು. ಮರುವರ್ಷ ಛಾಯಾಗ್ರಾಹಕಿ ಇಂಗೆ ಮೊರಾತ್‌ಳನ್ನು ಮದುವೆಯಾದ, ಆ ದಾಂಪತ್ಯ ಆಕೆ 2002ರಲ್ಲಿ ಸಾಯುವವರೆಗೂ ನಡೆಯಿತು. ಈ ಎರಡನೆಯ ಮನೆಯ ಹತ್ತಿರವೂ ಅವನಿಗೊಂದು ಬರೆಯುವ ಕೋಣೆ ಇತ್ತು. ಬೆಳಿಗ್ಗೆ ಅಲ್ಲಿ ಬರವಣಿಗೆ, ಇನ್ನುಳಿದ ಹೊತ್ತಿನಲ್ಲಿ ಮರಗೆಲಸ. ಮೇಜು, ಕುರ್ಚಿ, ಮಂಚ ಎಲ್ಲ ಸ್ವಂತ ಕೈಯದು. ಮಗಳು ರೆಬೆಕಾ ಮಿಲ್ಲರ್ ಅಪ್ಪನ ಬಗ್ಗೆ ಮಾಡಿದ ಸಾಕ್ಷ್ಯಚಿತ್ರದಲ್ಲಿ ಆತ ಮರದೊಂದಿಗೆ ಗುದ್ದಾಡುವುದನ್ನೂ ನೋಡಬಹುದು. 2005ರಲ್ಲಿ ಅದೇ ಮನೆಯಲ್ಲಿ ತೀರಿಕೊಂಡ. ತಾರೀಕು ಫೆಬ್ರವರಿ 10. ಸೇಲ್ಸ್‌ಮನ್ ಮೊದಲ ಸಲ ರಂಗಕ್ಕೇರಿದ ದಿನ. ಇಂಥದ್ದನ್ನು ನಾಟಕದಲ್ಲಿ ಬರೆದಿದ್ದರೆ ಅತಿಯಾಯಿತು ಎಂದು ಕಜಾನ್ ಹೊಡೆದುಹಾಕುತ್ತಿದ್ದನೇನೋ.

ಆ ಎರಡನೆಯ ಬರೆಯುವ ಕೋಣೆಯ ಸುತ್ತ ಈಗ ಊರಿನವರ ಒಂದು ಉತ್ಸಾಹ ನಡೆದಿದೆ. ಅದನ್ನು ಇದ್ದ ಜಾಗದಿಂದ ಎತ್ತಿ ಉಳಿಸಿಕೊಂಡು, ಊರಿನ ಗ್ರಂಥಾಲಯದ ಮಗ್ಗುಲಲ್ಲಿ ನಿಲ್ಲಿಸಿ, ಶಾಲೆಯ ಮಕ್ಕಳಿಗೂ ಬರೆಯಲು ಹಂಬಲಿಸುವವರಿಗೂ ತೆರೆದ ಕಲಿಕೆಯ ತಾಣ ಮಾಡಬೇಕು ಎಂಬುದು ಹಂಚಿಕೆ. ರಾಕ್ಸ್‌ಬರಿಯ ಜನಸಂಖ್ಯೆ ಎರಡು ಸಾವಿರ ಚಿಲ್ಲರೆ. ನಮ್ಮಲ್ಲಿ ಒಂದು ಸಾಮೂಹಿಕ ವಿವಾಹಕ್ಕೆ ಅಷ್ಟು ಜನ ಊಟಕ್ಕೇ ಕೂತಿರುತ್ತಾರೆ.

ಇಲ್ಲೊಂದು ಚಿಕ್ಕ ತೊಡಕಿದೆ. ಉಳಿಸಲು ಹೊರಟಿರುವುದು ಸೇಲ್ಸ್‌ಮನ್ ಹುಟ್ಟಿದ 1948ರ ಗೂಡನ್ನಲ್ಲ, ಆಮೇಲಿನದನ್ನು. ನಮ್ಮ ಕಡೆಯ ಒಬ್ಬ ಗೈಡ್ ಆಗಿದ್ದರೆ ಈ ಭೇದವನ್ನು ಒಂದೇ ಮಾತಿನಲ್ಲಿ ಹೊಸೆದುಬಿಡುತ್ತಿದ್ದ: ‘ಸಾರ್, ಇದೇ ಜಾಗ, ಇದೇ ಕುರ್ಚಿ.’ ಸೀತೆ ಸ್ನಾನ ಮಾಡಿದ ಹೊಂಡ ತಾಲ್ಲೂಕಿಗೊಂದು ಇರುವಾಗ ಒಂದು ನಾಟಕ ಎರಡು ಗುಡಿಸಿಲಿನಲ್ಲಿ ಹುಟ್ಟಿದರೆ ಯಾರ ಗಂಟೇನು ಹೋಯಿತು? ಆದರೆ ನನಗೆ ಅನ್ನಿಸುವುದೇ ಬೇರೆ. ಒಂದೇ ಹಗಲು ರಾತ್ರಿಯಲ್ಲಿ ಅಂಕ ಮುಗಿಸಿದ ಗೂಡಿಗಿಂತ, ದಶಕಗಟ್ಟಲೆ ಪ್ರತಿ ಬೆಳಿಗ್ಗೆ ಹೋಗಿ ಕೂತ ಕೋಣೆಯೇ ಮಕ್ಕಳಿಗೆ ಕಲಿಸುವುದಕ್ಕೆ ಯೋಗ್ಯ. ಮೊದಲನೆಯದು ಪವಾಡ, ಅದನ್ನು ಯಾರಿಗೂ ಕಲಿಸಲಾಗದು. ಎರಡನೆಯ ಕೋಣೆಯ ಕಾಲದಲ್ಲಿ ಬಿದ್ದ ನಾಟಕಗಳಿವೆ, ವಿಮರ್ಶಕರು ಹುರಿದು ಮುಕ್ಕಿದ ನಾಟಕಗಳಿವೆ. 1964ರ ‘ಆಫ್ಟರ್ ದ ಫಾಲ್’ ಬಂದಾಗ, ತೀರಿಕೊಂಡ ಮನ್ರೋಳನ್ನು ರಂಗದ ಮೇಲೆ ಎಳೆದು ತಂದನೆಂದು ಉಗಿಸಿಕೊಂಡ. ಮರುದಿನವೂ ಹೋಗಿ ಕೂತ.

ಬರೆದ ಕಾಗದಗಳೆಲ್ಲ ಆ ಕೋಣೆಯಲ್ಲಿ ಇಲ್ಲ. ಹಸ್ತಪ್ರತಿ, ದಿನಚರಿ, ಪತ್ರಗಳ ರಾಶಿಯನ್ನು ಟೆಕ್ಸಾಸ್‌ನ ಆಸ್ಟಿನ್‌ನಲ್ಲಿರುವ ಹ್ಯಾರಿ ರ‍್ಯಾನ್ಸಮ್ ಸೆಂಟರ್ 27 ಲಕ್ಷ ಡಾಲರಿಗೆ ಕೊಂಡುಕೊಂಡಿತು. ಕೋಣೆ ಒಂದು ಕಡೆ, ಅದರಲ್ಲಿ ಬರೆದದ್ದು ಸುಮಾರು ಎರಡೂವರೆ ಸಾವಿರ ಕಿಲೋಮೀಟರ್ ಆಚೆ, ಹದವಾದ ತಂಪಿನಲ್ಲಿ, ಕೈತೊಳೆದುಕೊಂಡು ಬಂದ ಸಂಶೋಧಕರ ಪಾಲಿಗೆ. ಕೇಳಿದಾಗ ಮೊದಲು ಪಿಚ್ಚೆನಿಸಿತು. ಆಮೇಲೆ ಇದೇ ಒಳ್ಳೆಯದಾಯಿತು ಎನ್ನಿಸಿತು. ಬೆಲೆಬಾಳುವುದೆಲ್ಲ ಹೋದ ಮೇಲೆ ಉಳಿದದ್ದು ನಾಲ್ಕು ಗೋಡೆ, ಒಂದು ಸೂರು, ಕಿಟಕಿಯಿಂದ ಬೀಳುವ ಬೆಳಕು. ಅಲ್ಲಿ ಕದಿಯಲು ಏನೂ ಇಲ್ಲ, ಒಡೆಯಲು ಏನೂ ಇಲ್ಲ. ಆದ್ದರಿಂದಲೇ ಮಕ್ಕಳನ್ನು ಒಳಗೆ ಬಿಡಬಹುದು. ನಮ್ಮ ಸ್ಮಾರಕದ ಆ ಕಾವಲುಗಾರರಿಗೂ ಯಾರಾದರೂ ಪೆನ್ನು ಚಪ್ಪಲಿಗಳನ್ನೆಲ್ಲ ಬೇರೆ ಕಡೆ ಸಾಗಿಸಿ ಕೊಟ್ಟರೆ ಅವರೂ ನೆಮ್ಮದಿಯಾಗಿ ಊಟ ಮಾಡಿಯಾರು.

ಈ ಕೋಣೆಗಳ ತಮಾಷೆಯೆಂದರೆ ಅವು ಹುಟ್ಟಿದ್ದೇ ಜನರನ್ನು ದೂರ ಇಡುವುದಕ್ಕೆ. ಇಂಗ್ಲೆಂಡಿನ ಆಯಟ್ ಸೇಂಟ್ ಲಾರೆನ್ಸ್ ಎಂಬ ಹಳ್ಳಿಯಲ್ಲಿ ಬರ್ನಾರ್ಡ್ ಷಾನ ತೋಟದ ಮೂಲೆಯಲ್ಲೊಂದು ಪುಟ್ಟ ಗುಡಿಸಿಲಿತ್ತು, ಈಗಲೂ ಇದೆ. ಕೆಳಗೆ ತಿರುಗಣೆ ಜೋಡಿಸಿದ್ದರಿಂದ ಬಿಸಿಲು ಬಂದ ಕಡೆಗೆ ಇಡೀ ಗುಡಿಸಿಲನ್ನೇ ತಿರುಗಿಸಿಕೊಳ್ಳಬಹುದಿತ್ತು. ಟೈಪ್‌ರೈಟರ್, ಹೀಟರ್, ಮನೆಯೊಂದಿಗೆ ಮಾತಾಡಲು ಟೆಲಿಫೋನು. ಆ ಗುಡಿಸಿಲಿಗೆ ಅವನು ಇಟ್ಟಿದ್ದ ಹೆಸರು ‘ಲಂಡನ್’. ಬೇಡದ ಅತಿಥಿಗಳು ಬಂದರೆ ಮನೆಯವರು ‘ಅವರು ಲಂಡನ್ನಿಗೆ ಹೋಗಿದ್ದಾರೆ’ ಎಂದು ಎದೆ ತಟ್ಟಿ ಹೇಳಬಹುದು, ಸುಳ್ಳಿನ ಪಾಪವಿಲ್ಲ. ಇದನ್ನು ಓದಿದಾಗಿನಿಂದ ನಮ್ಮ ಮನೆಯ ಹಿಂದಿನ ನೀರೊಲೆಯ ಕೋಣೆಗೆ ‘ಬೆಂಗಳೂರು’ ಎಂದು ಹೆಸರಿಡಬೇಕೆಂದಿದ್ದೇನೆ. ಚೀಟಿಯ ಕಂತು ಕೇಳಲು ಬರುವವರಿಗೆ ಹೇಳಲು ಅನುಕೂಲ.

ಇದೇ ಷಾ ತಾನು ಸತ್ತ ಮೇಲೆ ಇಂಗ್ಲಿಷಿಗೆ ಉಚ್ಚಾರಕ್ಕೆ ತಕ್ಕ ಹೊಸ ಅಕ್ಷರಮಾಲೆ ಮಾಡಿ ಎಂದು ಉಯಿಲು ಬರೆದಿಟ್ಟು ಹೋದ. ಕನಿಷ್ಠ ನಲವತ್ತು ಅಕ್ಷರವಾದರೂ ಇರಬೇಕೆಂದು ಅವನ ಷರತ್ತು. ಅಕ್ಷರಮಾಲೆ ತಯಾರಾಯಿತು, 1962ರಲ್ಲಿ ಅವನ ‘ಆಂಡ್ರೊಕ್ಲೀಸ್ ಆ್ಯಂಡ್ ದ ಲಯನ್’ ನಾಟಕ ಅದರಲ್ಲಿ ಅಚ್ಚೂ ಆಯಿತು, ಯಾರೂ ಕಲಿಯಲಿಲ್ಲ. ಜನರಿಂದ ತಪ್ಪಿಸಿಕೊಳ್ಳಲು ತಿರುಗುವ ಗುಡಿಸಿಲು ಮಾಡಿಕೊಂಡವನು ಇಡೀ ಜಗತ್ತಿಗೆ ಅಕ್ಷರಾಭ್ಯಾಸ ಮಾಡಿಸಲು ಹೊರಟಿದ್ದು ನೋಡಿ. ಅಂದ ಹಾಗೆ, ನಮ್ಮ ಒಂದನೇ ತರಗತಿಯ ಯಾವುದಾದರೂ ಮೇಷ್ಟ್ರಿಗೆ ಒಂದು ಕಾರ್ಡು ಹಾಕಿದ್ದರೆ ಅಷ್ಟು ಖರ್ಚು ಉಳಿಯುತ್ತಿತ್ತು.

ಚೆಕಾಫನದು ಇನ್ನೂ ಚೆಂದ. ಮಾಸ್ಕೋ ಹತ್ತಿರದ ಮೆಲಿಖೋವೊದಲ್ಲಿ 1892ರಲ್ಲಿ ತೋಟದ ಮನೆ ಕೊಂಡ. ನೆಂಟರು, ಸ್ನೇಹಿತರು, ಸ್ನೇಹಿತರ ಸ್ನೇಹಿತರು, ಜೊತೆಗೆ ಡಾಕ್ಟರಾದ್ದರಿಂದ ರೋಗಿಗಳು. ಮನೆ ಸಾಲದೆ ಅತಿಥಿಗಳಿಗೆಂದು ತೋಟದಲ್ಲೊಂದು ಪುಟ್ಟ ಮನೆ ಕಟ್ಟಿಸಿದ. ಕೊನೆಗೆ ಅತಿಥಿಗಳು ದೊಡ್ಡ ಮನೆಯಲ್ಲೇ ಉಳಿದರು, ಯಜಮಾನನೇ ಅತಿಥಿಗೃಹಕ್ಕೆ ಓಡಿಹೋಗಿ ಅಲ್ಲಿ ‘ಸೀಗಲ್’ ನಾಟಕ ಬರೆದ. ಅತ್ತೆಮನೆಯವರೆಲ್ಲ ಬೇಸಿಗೆ ರಜೆಗೆ ಬಂದಿಳಿದಾಗ ಮಹಡಿ ಮೆಟ್ಟಿಲ ಮೇಲೆ ಮಲಗುವ ನಮ್ಮಂಥವರಿಗೆ ಈ ಸ್ಥಿತಿಯನ್ನು ಯಾರೂ ಬಿಡಿಸಿ ಹೇಳಬೇಕಿಲ್ಲ. ಅದೇ ಚೆಕಾಫ್ ಆ ವರ್ಷಗಳಲ್ಲಿ ಸುತ್ತಲ ಹಳ್ಳಿಗಳಲ್ಲಿ ಮೂರು ಶಾಲೆಗಳನ್ನು ಕಟ್ಟಿಸಿದ. ಒಂದು ತಾಲೆಜ್‌ನಲ್ಲಿ, ಒಂದು ನೊವೊಸ್ಯೋಲ್ಕಿಯಲ್ಲಿ, ಒಂದು ಮೆಲಿಖೋವೊದಲ್ಲೇ. ಹುಟ್ಟೂರು ತಗನ್‌ರೋಗ್‌ನ ಗ್ರಂಥಾಲಯಕ್ಕೆ ಪುಸ್ತಕದ ಕಟ್ಟುಗಳನ್ನು ಕಳಿಸುತ್ತಲೇ ಇದ್ದ. ಜನ ಬೇಡವೆಂದು ಓಡಿದವನೇ ಜನರ ಮಕ್ಕಳಿಗೆ ಬೆಂಚು, ಒಲೆ, ಕಿಟಕಿಯ ಲೆಕ್ಕ ನೋಡುತ್ತ ಕೂತಿದ್ದ.

ನಮ್ಮಲ್ಲಿ ನಾಟಕಕಾರರು ಕೋಣೆಯ ವಿಷಯದಲ್ಲಿ ಇಷ್ಟು ನಾಜೂಕು ಮಾಡಿದವರಲ್ಲ. ಕೈಲಾಸಂ ಅವರಿಗೆ ಕೂತು ಬರೆಯುವುದೇ ಆಗದ ಮಾತು. ನಾಟಕ ತಲೆಯಲ್ಲಿ ಇರುತ್ತಿತ್ತು, ಬಾಯಲ್ಲಿ ಬರುತ್ತಿತ್ತು, ಎದುರಿಗಿದ್ದ ಸ್ನೇಹಿತರು ಬರೆದುಕೊಳ್ಳಬೇಕಿತ್ತು. ಅವರ ಬರೆಯುವ ಕೋಣೆಯನ್ನು ಕಲಿಕೆಯ ತಾಣ ಮಾಡಬೇಕೆಂದರೆ ಯಾವುದನ್ನು ಹುಡುಕುವುದು? ಸಿಗರೇಟಿನ ಹೊಗೆಯೂ ನಾಲ್ಕು ಜನ ಗೆಳೆಯರೂ ಇದ್ದ ಜಾಗವೆಲ್ಲ ಅವರ ಕೋಣೆಯೇ. ಧಾರವಾಡದ ಸುಭಾಷ ರಸ್ತೆಯ ಮೇಲಿನ ‘ಅಟ್ಟ’ ಗೊತ್ತಲ್ಲ? ಮನೋಹರ ಗ್ರಂಥಮಾಲೆಯನ್ನು 1933ರಲ್ಲಿ ಶುರುಮಾಡಿದ ಜಿ.ಬಿ. ಜೋಶಿಯವರು ಸ್ವತಃ ನಾಟಕಕಾರರು. ‘ಜಡಭರತ’ ಎಂಬ ಹೆಸರಿನಲ್ಲಿ ‘ಸತ್ತವರ ನೆರಳು’, ‘ಕದಡಿದ ನೀರು’ ಬರೆದವರು. ಅವರ ಅಟ್ಟದಲ್ಲಿ ಯಾರು ಯಾವಾಗ ಬಂದು ಕೂತರು, ಯಾರು ಯಾರಿಗೆ ಪಾಠ ಹೇಳಿದರು ಎಂಬುದಕ್ಕೆ ಹಾಜರಿ ಪುಸ್ತಕವಿಲ್ಲ. ಕೀರ್ತಿನಾಥ ಕುರ್ತಕೋಟಿಯವರು ಅಲ್ಲಿದ್ದರು. ಗಿರೀಶ ಕಾರ್ನಾಡರು ಇಪ್ಪತ್ತೆರಡು ಇಪ್ಪತ್ತಮೂರರ ಹುಡುಗನಾಗಿ ಬರೆದ ‘ಯಯಾತಿ’ 1961ರಲ್ಲಿ ಅಲ್ಲಿಂದಲೇ ಬಂತು. ಅಷ್ಟು ಹೊತ್ತಿಗೆ ಅವರು ಆಕ್ಸ್‌ಫರ್ಡಿನಲ್ಲಿದ್ದರು. ಅಲ್ಲಿ ಕಲಿತದ್ದು ಹೆಚ್ಚೋ ಅಟ್ಟದಲ್ಲಿ ಕಲಿತದ್ದು ಹೆಚ್ಚೋ ಎಂದು ಧಾರವಾಡದವರನ್ನು ಕೇಳಬಾರದು, ಉತ್ತರ ಗೊತ್ತಿರುವ ಪ್ರಶ್ನೆ. ಆ ಅಟ್ಟವನ್ನು ಯಾರೂ ಕಲಿಕಾ ಕೇಂದ್ರವೆಂದು ಉದ್ಘಾಟಿಸಲಿಲ್ಲ. ಚಹಾ ತರಿಸುತ್ತಿದ್ದರು, ಅಷ್ಟೆ.

ಪುತ್ತೂರಿನ ಪರ್ಲಡ್ಕದ ಬಾಲವನದ್ದು ಇದಕ್ಕಿಂತ ಸ್ವಾರಸ್ಯದ ಕಥೆ. ಶಿವರಾಮ ಕಾರಂತರನ್ನು ನಾಟಕಕಾರರೆಂದು ಮೊದಲ ಉಸಿರಿಗೆ ಯಾರೂ ಹೇಳುವುದಿಲ್ಲ. ಕಾದಂಬರಿಕಾರ, ಯಕ್ಷಗಾನ, ಕೋಶ, ಪರಿಸರ ಎಂದೆಲ್ಲ ಎಣಿಸಿ ಉಸಿರು ಮುಗಿಯುವ ಹೊತ್ತಿಗೆ ನಾಟಕ ಬರುತ್ತದೆ. ಆದರೂ ಅವರು ನಾಟಕ, ಗೀತನಾಟಕ ಬರೆದವರು, ಆಡಿಸಿದವರು, ಕುಣಿದವರು. ಬಾಲವನ ಮೊದಲು ಶುರುವಾದದ್ದೇ ಮಕ್ಕಳಿಗೆ. ಪಠ್ಯಪುಸ್ತಕದ ಕಾಟವಿಲ್ಲದೆ ಮಕ್ಕಳು ಕಲಿಯುವುದು ಹೇಗೆ ಎಂದು ಅವರು 1930ರ ದಶಕದಲ್ಲಿ ಅಲ್ಲಿ ಪ್ರಯೋಗ ಮಾಡಿದರು. ‘ಬಾಲಪ್ರಪಂಚ’ದಂಥ ಮಕ್ಕಳ ವಿಶ್ವಕೋಶ ಹೊರಟದ್ದೂ ಅದೇ ಧಾಟಿಯ ಯೋಚನೆಯಿಂದ. ಶಾಲೆ ಬಹಳ ಕಾಲ ನಡೆಯಲಿಲ್ಲ, ಕಾರಂತರು ಉಳಿದರು. ಸುಮಾರು ನಾಲ್ಕು ದಶಕ ಅಲ್ಲಿ ಬದುಕಿ ಬರೆದು, ಕೊನೆಗೆ ಸಾಲಿಗ್ರಾಮಕ್ಕೆ ಹೋದರು. ರಾಕ್ಸ್‌ಬರಿಯಲ್ಲಿ ಬರೆಯುವ ಕೋಣೆ ಶಾಲೆಯಾಗಲು ಹೊರಟಿದೆ, ಪುತ್ತೂರಿನಲ್ಲಿ ಶಾಲೆ ಬರೆಯುವ ಕೋಣೆಯಾಯಿತು. ಈಗ ಬಾಲವನಕ್ಕೆ ಹೋದರೆ ಕಾರಂತರ ಮನೆ ಇದೆ, ಗ್ರಂಥಾಲಯ ಇದೆ, ರಜೆಯಲ್ಲಿ ಮಕ್ಕಳ ಶಿಬಿರ ನಡೆಯುತ್ತದೆ, ಒಂದು ಈಜುಕೊಳವೂ ಇದೆ. ಸಾಹಿತಿಯ ಮನೆಯಂಗಳದಲ್ಲಿ ಈಜುಕೊಳವೇ ಎಂದು ಮೂಗು ಮುರಿಯುವವರು ಇದ್ದಾರೆ. ನನಗೆ ಅದೇ ಸರಿಯೆನ್ನಿಸುತ್ತದೆ. ಕಾರಂತರು ಇದ್ದಿದ್ದರೆ ತಮ್ಮ ಪ್ರತಿಮೆಗೆ ಹಾರ ಹಾಕುವವರಿಗೆ ಬೈದು, ನೀರಿಗೆ ಹಾರುವ ಹುಡುಗರನ್ನು ನೋಡುತ್ತ ನಿಲ್ಲುತ್ತಿದ್ದರು.

ಕಲಿಕೆಯ ತಾಣ ಎಂಬ ಮಾತು ಕೇಳಿದರೆ ನಮ್ಮ ಹವ್ಯಾಸಿ ತಂಡದ ಸೆಟ್ ಕಟ್ಟುವ ಗೆಳೆಯನಿಗೆ ಮೈಯೆಲ್ಲ ಉರಿಯುತ್ತದೆ. ‘ನೋಡ್ತಾ ಇರು, ಮೊದಲ ವರ್ಷ ನಾಟಕದ ಕಮ್ಮಟ. ಎರಡನೇ ವರ್ಷ ವ್ಯಕ್ತಿತ್ವ ವಿಕಸನ. ಮೂರನೇ ವರ್ಷ ಟ್ಯಾಲಿ, ಸ್ಪೋಕನ್ ಇಂಗ್ಲಿಷ್. ಆಮೇಲೆ ಹೆಸರಿನ ಫಲಕ ಒಂದೇ ಉಳಿಯೋದು’ ಎನ್ನುತ್ತಾನೆ. ಅನುಭವದ ಮಾತು, ತಳ್ಳಿಹಾಕುವಂತಿಲ್ಲ. ಆದರೆ ಮಿಲ್ಲರನ ನಾಟಕವನ್ನೇ ತೆಗೆದುಕೊಳ್ಳಿ. ವಿಲ್ಲಿ ಲೋಮನ್ ಊರೂರು ಅಲೆದು ಬಂದು ಹೆಂಡತಿಯ ಎದುರು ಇಷ್ಟು ಮಾರಿದೆ ಅಷ್ಟು ಮಾರಿದೆ ಎಂದು ಕೊಚ್ಚಿಕೊಳ್ಳುತ್ತಾನೆ. ಲಿಂಡಾ ಪೆನ್ಸಿಲ್ ಹಿಡಿದು ಕಮಿಷನ್ ಲೆಕ್ಕ ಹಾಕುತ್ತ ಹೋದಂತೆ ಮಾರಾಟದ ಮೊತ್ತ ಇಳಿಯುತ್ತ ಬರುತ್ತದೆ. ಫ್ರಿಜ್ಜಿನ ಕಂತು, ವಿಮೆಯ ಕಂತು, ಮನೆ ಸಾಲದ ಕಂತು. ಮನೆಖರ್ಚಿನ ಲೆಕ್ಕದ ಮೇಲೆ ನಿಂತ ಅಂಥ ದುರಂತ ನಾಟಕ ಇನ್ನೊಂದಿಲ್ಲ. ಅಂಥವನ ಕೋಣೆಯಲ್ಲಿ ಯಾರಾದರೂ ಟ್ಯಾಲಿ ಕಲಿತರೆ ಮಿಲ್ಲರನ ಆತ್ಮ ನೊಂದುಕೊಳ್ಳಲಿಕ್ಕಿಲ್ಲ.

ಅಲ್ಲಿ ಮರಗೆಲಸ ಕಲಿಸದೆ ಬಿಟ್ಟರೆ ನೊಂದುಕೊಂಡೀತು. ಲೋಮನ್‌ಗೆ ನಿಜವಾಗಿ ಬರುತ್ತಿದ್ದ ವಿದ್ಯೆ ಮಾರುವುದಲ್ಲ, ಕಟ್ಟುವುದು. ಮನೆಯ ಮುಂದಿನ ಮೆಟ್ಟಿಲು ಕಟ್ಟಿದವನು ಅವನು, ಚಾವಣಿ ಹಾಕಿದವನು ಅವನು. ಸತ್ತ ಮೇಲೆ ಮಣ್ಣಿನ ಹತ್ತಿರ ನಿಂತು ಮಗ ನೆನೆಯುವುದೂ ಅದನ್ನೇ. ಸುತ್ತಿಗೆ ಹಿಡಿದು, ಪಕ್ಕಾಸು ಕೂಡಿಸಲು ತಿಣುಕಿ, ಅದೇ ಬೊಬ್ಬೆ ಬಂದ ಕೈಯಲ್ಲಿ ಬರೆದ ನಾಟಕ ಅದು. ರಾಕ್ಸ್‌ಬರಿಯವರು ನನ್ನ ಸಲಹೆ ಕೇಳುವ ಸಂಭವ ಕಡಿಮೆ. ಕೇಳಿದರೆ, ಕಂಪ್ಯೂಟರ್ ಇಡುವ ಮೊದಲು ಒಂದು ಉಜ್ಜುಗೊರಡು, ಒಂದು ಗರಗಸ, ಒಂದಿಷ್ಟು ಹಲಗೆ ಇಡಿ ಎನ್ನುತ್ತೇನೆ. ಸಂಭಾಷಣೆ ಬರೆಯಲು ಬಾರದ ಹುಡುಗ ಒಂದು ಸ್ಟೂಲನ್ನಾದರೂ ಮನೆಗೆ ಒಯ್ಯಲಿ.

ಊರಿನ ಕಟ್ಟಡವೆಂದ ಮೇಲೆ ಕಾನೂನಿನ ಕಿರಿಕಿರಿ ಬೇರೆ. ಅಂಗವಿಕಲರಿಗೆ ಸಾರ್ವಜನಿಕ ಜಾಗಗಳಲ್ಲಿ ಸಮಾನ ಪ್ರವೇಶ ಇರಬೇಕೆಂದು ಅಮೆರಿಕದಲ್ಲಿ 1990ರಿಂದ ಕಾಯಿದೆ ಇದೆ. ಗಾಲಿಕುರ್ಚಿ ಏರಲು ಇಳಿಜಾರು, ಅಗಲ ಬಾಗಿಲು, ಬೆಂಕಿ ಬಿದ್ದರೆ ಹೊರಗೋಡಲು ದಾರಿ. ಯಾರೂ ಬರಬಾರದೆಂದು ಮಾಡಿಕೊಂಡ ಕೋಣೆಗೆ ಎಲ್ಲರೂ ಸಲೀಸಾಗಿ ಬರುವಂತೆ ಮಾಡಿ ಎಂದು ಸರ್ಕಾರವೇ ಹೇಳುತ್ತದೆ. ಸರ್ಕಾರ ಆ ಮನುಷ್ಯನ ವಿಷಯದಲ್ಲಿ ಹೀಗೆ ಉದಾರವಾಗಿ ನಡೆದುಕೊಂಡದ್ದು ಕಡಿಮೆ. ಕಮ್ಯುನಿಸ್ಟರ ಬೇಟೆ ನಡೆದ ಕಾಲದಲ್ಲಿ ಸಂಸತ್ತಿನ ಸಮಿತಿಯ ಮುಂದೆ ಬೇರೆಯವರ ಹೆಸರು ಹೇಳಲು ಒಪ್ಪಲಿಲ್ಲವೆಂದು 1957ರಲ್ಲಿ ಅವನನ್ನು ತಪ್ಪಿತಸ್ಥನೆಂದರು, ಮರುವರ್ಷ ಮೇಲಿನ ನ್ಯಾಯಾಲಯ ಅದನ್ನು ರದ್ದು ಮಾಡಿತು. ಅದಕ್ಕೂ ಮೊದಲೇ ಬರೆದಿದ್ದ ‘ದ ಕ್ರೂಸಿಬಲ್’ ಈಗ ಅಮೆರಿಕದ ಶಾಲಾ ಮಕ್ಕಳಿಗೆ ಪಠ್ಯ. ಗ್ರಂಥಾಲಯದ ಪಕ್ಕದ ಆ ಕೋಣೆಗೆ ನಾಳೆ ಬರುವ ಹುಡುಗರಲ್ಲಿ ಅರ್ಧ ಜನ ಪರೀಕ್ಷೆಗೆ ಅದರ ಸಾರಾಂಶವನ್ನು ಉರು ಹೊಡೆದವರೇ ಆಗಿರುತ್ತಾರೆ. ಅವರಿಗೆ ಅದನ್ನು ಒಮ್ಮೆ ಗಟ್ಟಿಯಾಗಿ, ಗಂಟಲು ನೋಯುವ ಹಾಗೆ ಓದಿಸಿದರೆ ಸಾಕು, ಬೇರೆ ಪಠ್ಯಕ್ರಮ ಬೇಡ.

ಕಲಿಸುವ ವಿಷಯದಲ್ಲಿ ಮಿಲ್ಲರನಿಗೇ ಒಂದು ಅನುಭವವಿತ್ತು. 1983ರಲ್ಲಿ ಬೀಜಿಂಗಿಗೆ ಹೋಗಿ ಚೀನೀ ನಟರಿಂದ ಚೀನೀ ಭಾಷೆಯಲ್ಲಿ ಸೇಲ್ಸ್‌ಮನ್ ಆಡಿಸಿದ. ಅವನಿಗೆ ಭಾಷೆ ಬಾರದು, ಅಲ್ಲಿಯವರಿಗೆ ಊರೂರು ಅಲೆಯುವ ಸೇಲ್ಸ್‌ಮನ್ ಎಂಬ ಪ್ರಾಣಿಯೇ ಗೊತ್ತಿಲ್ಲ. ಆದರೂ ಮಕ್ಕಳ ಮೇಲೆ ಅತಿಯಾಸೆ ಇಟ್ಟುಕೊಂಡ ಅಪ್ಪ ಎಂದರೆ ಚೀನೀಯರಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ನಾಟಕ ಗೆದ್ದಿತು. ಅನುವಾದ ಮಾಡಿ ಲೋಮನ್ ಪಾತ್ರವನ್ನೂ ಮಾಡಿದ ಯಿಂಗ್ ರುವೊಚೆಂಗ್ ಆಮೇಲೆ ಚೀನಾದ ಸಂಸ್ಕೃತಿ ಖಾತೆಯ ಉಪಮಂತ್ರಿಯೂ ಆದ. ನಮ್ಮಲ್ಲಿ ನಟರು ಮಂತ್ರಿಗಳಾಗುತ್ತಾರೆ, ಆದರೆ ಮಿಲ್ಲರನ ನಾಟಕದ ದೆಸೆಯಿಂದಲ್ಲ.

ಇದನ್ನೆಲ್ಲ ಬರೆಯುತ್ತಿದ್ದಾಗ ಮನೆಯವಳು ಪಕ್ಕದಲ್ಲಿ ಬಟಾಣಿ ಸುಲಿಯುತ್ತ ಕೂತಿದ್ದಳು. ‘ರೀ, ನೀವು ಬರೆಯೋ ಈ ಮೇಜನ್ನೂ ಮುಂದೆ ಯಾರಾದ್ರೂ ಸ್ಮಾರಕ ಮಾಡ್ತಾರಾ?’ ಎಂದಳು.

‘ಮಾಡಬಹುದು’ ಎಂದೆ, ಆದಷ್ಟು ವಿನಯದಿಂದ.

‘ಮಾಡಿದ್ರೆ ನಾವು ಊಟ ಎಲ್ಲಿ ಮಾಡೋದು?’

ಅವಳ ಪ್ರಶ್ನೆಯಲ್ಲಿ ಇಡೀ ಸ್ಮಾರಕ ಇಲಾಖೆಗೆ ಒಂದು ಪಾಠವಿದೆ. ಮೇಜಿನ ಮೇಲೆ ಊಟ ನಡೆಯುತ್ತಿರಬೇಕು. ಅಮೆರಿಕದವರು ಬೇಕಿದ್ದರೆ ಕೋಣೆಗೆ ಹೊಸ ಬಣ್ಣ ಬಳಿಯಲಿ, ಇಳಿಜಾರು ಕಟ್ಟಲಿ, ಹೆಸರನ್ನೂ ಹಾಕಲಿ. ಕುರ್ಚಿಗೆ ಮಾತ್ರ ಹಗ್ಗ ಕಟ್ಟದಿದ್ದರೆ ಆಯಿತು. ಆ ಕುರ್ಚಿಯಲ್ಲಿ ಒಂಬತ್ತನೇ ತರಗತಿಯ ಹುಡುಗಿಯೊಬ್ಬಳು ಕಾಲು ಮಡಿಸಿ ಕೂತು, ತನ್ನ ಅಪ್ಪನ ಮೇಲಿನ ಸಿಟ್ಟನ್ನೆಲ್ಲ ಒಂದು ದೃಶ್ಯವಾಗಿ ಬರೆದು, ಅದು ಕೆಟ್ಟದಾಗಿದ್ದರೂ ಸರಿ, ಎಲ್ಲರ ಮುಂದೆ ಓದಿದಳೆಂದರೆ ಆ ಕೋಣೆಗೆ ಹಾಕಿದ ದುಡ್ಡು ಹುಟ್ಟಿತು.

ನಿಮ್ಮ ಊರಿನಲ್ಲೂ ಒಬ್ಬ ಬರೆದವರ, ಆಡಿದವರ, ಹಾಡಿದವರ ಮನೆ ಇದ್ದೇ ಇರುತ್ತದೆ. ಟ್ರಸ್ಟು ಇರಬಹುದು, ಇಲ್ಲದೆಯೂ ಇರಬಹುದು. ಬೀಗ ಮಾತ್ರ ಖಂಡಿತ ಇರುತ್ತದೆ. ಕೀಲಿಕೈ ಯಾರ ಹತ್ತಿರ ಇದೆಯೆಂದು ಒಮ್ಮೆ ವಿಚಾರಿಸಿ ನೋಡಿ. ಸಿಕ್ಕಿದರೆ ಬೀದಿಯ ಮಕ್ಕಳನ್ನೂ ಕರೆದುಕೊಂಡು ಹೋಗಿ. ಚಪ್ಪಲಿ ಹೊರಗೆ ಬಿಡಿ ಎನ್ನಿ, ಗೋಡೆಗೆ ಗೀಚಬೇಡಿ ಎನ್ನಿ. ದಯವಿಟ್ಟು ಗಲಾಟೆ ಮಾಡಬೇಡಿ ಎಂದು ಮಾತ್ರ ಹೇಳಬೇಡಿ.